ಲಾಸ್ ಏಂಜಲೀಸ್ ಕೌಂಟಿಯ ದಾಖಲೆರಹಿತ ವಲಸಿಗರ ಎಣಿಕೆ: ಆರೋಗ್ಯ ಸಮೀಕ್ಷೆ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

2024ರ ಜನವರಿ 1ರಂದು ಕ್ಯಾಲಿಫೋರ್ನಿಯಾ ಕಡಿಮೆ ಆದಾಯದವರಿಗಾಗಿ ನಡೆಸುವ ಸರ್ಕಾರಿ ಆರೋಗ್ಯ ವಿಮೆಯಾದ ತನ್ನ ಮೆಡಿ-ಕ್ಯಾಲ್ ಯೋಜನೆಯ ಪೂರ್ಣ ಸೌಲಭ್ಯವನ್ನು 26ರಿಂದ 49 ವರ್ಷದ ದಾಖಲೆರಹಿತ ವಲಸಿಗರಿಗೂ ಕೊಟ್ಟಿತು. ಮಕ್ಕಳಿಗೆ ಅದು 2016ರ ಮೇ ತಿಂಗಳಲ್ಲಿ, 19ರಿಂದ 25 ವರ್ಷದವರಿಗೆ 2020ರ ಜನವರಿಯಲ್ಲಿ, 50 ದಾಟಿದವರಿಗೆ 2022ರ ಮೇನಲ್ಲಿ ಸಿಕ್ಕಿತ್ತು. ಕೊನೆಗೆ ಉಳಿದದ್ದು ದುಡಿಯುವ ವಯಸ್ಸಿನ ಈ ದೊಡ್ಡ ಗುಂಪು. ಇಡೀ ರಾಜ್ಯದಲ್ಲಿ ಇವರು ಸುಮಾರು 7 ಲಕ್ಷ ಎಂಬ ಅಂದಾಜು ಆಗ ಚಾಲ್ತಿಯಲ್ಲಿತ್ತು. ಆದರೆ 2020ರ ಜನಗಣತಿಯಲ್ಲಿ ಒಂದು ಕೋಟಿ ದಾಟಿದ ಲಾಸ್ ಏಂಜಲೀಸ್ ಕೌಂಟಿಗೆ ರಾಜ್ಯದ ಮೊತ್ತ ಸಾಲುವುದಿಲ್ಲ. ಕೌಂಟಿಯ ಆರೋಗ್ಯ ಸೇವೆ 8 ಯೋಜನಾ ಪ್ರದೇಶಗಳಾಗಿ ಹಂಚಿಹೋಗಿದೆ. ಯಾವ ಪ್ರದೇಶದಲ್ಲಿ ಎಷ್ಟು ಮಂದಿ, ಅವರಲ್ಲಿ ವಿಮೆ ಇಲ್ಲದವರೆಷ್ಟು, ವೈದ್ಯರನ್ನೇ ಕಾಣದವರೆಷ್ಟು ಎಂಬುದು ಗೊತ್ತಾಗದೆ ಕ್ಲಿನಿಕ್‌ಗಳಿಗೆ ಸಿಬ್ಬಂದಿಯನ್ನು ಹಂಚಲಾಗದು.

ಈ ಪ್ರಕರಣದಲ್ಲಿ ಕೈಗೆ ಸಿಗುವ ದತ್ತಾಂಶ ಯಾವುದು, ಅದನ್ನು ಹೇಗೆ ಜೋಡಿಸಬೇಕು, ಎಲ್ಲಿ ಲೆಕ್ಕ ಕೆಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿದ್ದೇವೆ. ಕಾನೂನು, ವರ್ಷ, ಸಮೀಕ್ಷೆಯ ವಿವರಗಳು ವಾಸ್ತವ. ಉದಾಹರಣೆಯ ಲೆಕ್ಕಗಳಲ್ಲಿ ಬರುವ ಸಂಖ್ಯೆಗಳು ವಿಧಾನವನ್ನು ತೋರಿಸಲು ಹಿಡಿದವು. ಅವನ್ನು ಕೌಂಟಿಯ ಅಂದಾಜು ಎಂದು ಓದಬಾರದು.

ಕೈಗೆ ಸಿಗುವ ಪ್ರಶ್ನೆಗಳು

ಅಮೆರಿಕದ ಜನಗಣತಿ ಇಲಾಖೆ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಅಮೆರಿಕನ್ ಕಮ್ಯುನಿಟಿ ಸರ್ವೆ ಕಳಿಸುತ್ತದೆ. ಅದರಲ್ಲಿ ಹುಟ್ಟಿದ ದೇಶ, ಬಂದ ವರ್ಷ, ಪೌರತ್ವ ಇವೆ. ಪೌರರಲ್ಲದವರ ಬಳಿ ಯಾವ ಕಾಗದವಿದೆ ಎಂಬ ಪ್ರಶ್ನೆ ಇಲ್ಲ. ಯುಸಿಎಲ್‌ಎ ವಿಶ್ವವಿದ್ಯಾಲಯದ ಆರೋಗ್ಯ ನೀತಿ ಸಂಶೋಧನಾ ಕೇಂದ್ರ 2001ರಿಂದ ನಡೆಸುತ್ತಿರುವ ಕ್ಯಾಲಿಫೋರ್ನಿಯಾ ಆರೋಗ್ಯ ಸಂದರ್ಶನ ಸಮೀಕ್ಷೆ, ಅಂದರೆ ಚಿಸ್, ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪೌರರೇ ಎಂದು ಕೇಳಿ, ಅಲ್ಲವೆಂದರೆ ಗ್ರೀನ್ ಕಾರ್ಡ್ ಇದೆಯೇ ಎಂದೂ ಕೇಳುತ್ತದೆ. ‘ನೀವು ದಾಖಲೆ ಇಲ್ಲದೆ ಇದ್ದೀರಾ’ ಎಂದು ಅದೂ ಕೇಳುವುದಿಲ್ಲ. ಗ್ರೀನ್ ಕಾರ್ಡಿನ ಉತ್ತರ ಸಾರ್ವಜನಿಕ ಕಡತದಲ್ಲಿ ಸಿಗುವುದೂ ಇಲ್ಲ. ನಿರ್ಬಂಧಿತ ದತ್ತಾಂಶಕ್ಕೆ ಅರ್ಜಿ ಹಾಕಬೇಕು.

ಹೊಸಬರು ಮಾಡುವ ಮೊದಲ ತಪ್ಪು ಇಲ್ಲೇ. ‘ಪೌರರಲ್ಲ, ಗ್ರೀನ್ ಕಾರ್ಡ್ ಇಲ್ಲ’ ಎಂದವರನ್ನೆಲ್ಲ ದಾಖಲೆರಹಿತರೆಂದು ಕೂಡಿಸಿಬಿಡುತ್ತಾರೆ. ಆ ರಾಶಿಯಲ್ಲಿ ವಿದ್ಯಾರ್ಥಿ ವೀಸಾದವರು, ಎಚ್-1ಬಿ ನೌಕರರು, 2001ರ ಭೂಕಂಪಗಳ ನಂತರ ತಾತ್ಕಾಲಿಕ ರಕ್ಷಣೆ ಪಡೆದ ಎಲ್ ಸಾಲ್ವಡಾರ್‌ನವರು, ಆಶ್ರಯ ಕೋರಿ ಕಾಯುತ್ತಿರುವವರು ಎಲ್ಲರೂ ಇರುತ್ತಾರೆ. 2012ರ ಜೂನ್‌ನ ಡಾಕಾ ಆದೇಶದಡಿ, ಅಂದರೆ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರಿಗಾಗಿ ಹೊರಟ ಆದೇಶದಡಿ, ಗಡೀಪಾರಿನಿಂದ ವಿನಾಯಿತಿ ಪಡೆದವರೂ ಅಲ್ಲೇ. ಡಾಕಾದವರ ವಿಷಯ ನಮ್ಮ ಪ್ರಶ್ನೆಗೆ ವಿಶೇಷವಾಗಿ ಮುಖ್ಯ. ಆ ಆದೇಶದ ಪ್ರಕಾರ ಅರ್ಹರು 2012ರ ಜೂನ್ 15ಕ್ಕೆ 31 ತುಂಬದಿದ್ದವರು, ಅಂದರೆ 2024ರ ಆರಂಭಕ್ಕೆ ಗರಿಷ್ಠ 42 ವರ್ಷದವರು. ನಮ್ಮ 26–49ರ ಪಟ್ಟಿಯ ನಡುವೆಯೇ ಅವರು ಬರುತ್ತಾರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಆದಾಯ ಕಡಿಮೆಯಿರುವ ಡಾಕಾದವರಿಗೆ ಮೊದಲೇ ಪೂರ್ಣ ಮೆಡಿ-ಕ್ಯಾಲ್ ಇತ್ತು. ಜನಸಂಖ್ಯಾ ಅಂದಾಜಿನಲ್ಲಿ ಅವರನ್ನು ಸೇರಿಸಿ, ಯೋಜನೆಯ ಅಂದಾಜಿನಲ್ಲಿ ಕಳೆಯಬೇಕು. ‘ದಾಖಲೆರಹಿತರು’ ಮತ್ತು ‘ಹೊಸದಾಗಿ ಅರ್ಹರಾಗುವವರು’ ಎಂಬ ಎರಡು ಗುಂಪುಗಳನ್ನು ಮೊದಲ ದಿನವೇ ಬೇರೆ ಬೇರೆ ಹೆಸರಿನಿಂದ ಬರೆದಿಡದಿದ್ದರೆ ಕೊನೆಯವರೆಗೂ ಗೊಂದಲ ತಪ್ಪುವುದಿಲ್ಲ.

ಒಟ್ಟು ಮೊತ್ತ: ಉಳಿಕೆ ವಿಧಾನ

ದೇಶದ ಮಟ್ಟದ ಅಂದಾಜುಗಳೆಲ್ಲ ಬಹುಮಟ್ಟಿಗೆ ಉಳಿಕೆ ವಿಧಾನದಿಂದ ಬಂದವು. ಸಮೀಕ್ಷೆಯಲ್ಲಿ ಸಿಕ್ಕ ವಿದೇಶ ಸಂಜಾತರ ಮೊತ್ತದಿಂದ, ಸರ್ಕಾರಿ ದಾಖಲೆಗಳ ಪ್ರಕಾರ ಕಾನೂನುಬದ್ಧವಾಗಿ ಬಂದು ಇನ್ನೂ ಇಲ್ಲೇ ಬದುಕಿರುವವರ ಮೊತ್ತವನ್ನು ಕಳೆದರೆ ಉಳಿಯುವುದು ದಾಖಲೆರಹಿತರ ಸಂಖ್ಯೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ ಇದು 2007ರಲ್ಲಿ 1.22 ಕೋಟಿ, 2023ರಲ್ಲಿ 1.4 ಕೋಟಿ.

ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವಾದ್ದರಿಂದ ಸಣ್ಣ ದೋಷವೂ ಇಲ್ಲಿ ಹಿಗ್ಗುತ್ತದೆ. ಪೌರರಲ್ಲದವರು 15 ಲಕ್ಷ, ಅವರಲ್ಲಿ ಕಾನೂನುಬದ್ಧರು 9 ಲಕ್ಷ, ಉಳಿಕೆ 6 ಲಕ್ಷ ಎಂದಿಟ್ಟುಕೊಳ್ಳೋಣ. ಕಾನೂನುಬದ್ಧರ ಲೆಕ್ಕದಲ್ಲಿ ಶೇ. 5 ತಪ್ಪಿದ್ದರೆ ಅದು 45 ಸಾವಿರ, ಅಂದರೆ ಉಳಿಕೆಯ ಶೇ. 7.5. ಸತ್ತವರ ಲೆಕ್ಕ ಸುಲಭ. ಗ್ರೀನ್ ಕಾರ್ಡ್ ಪಡೆದು ನಂತರ ತಾಯ್ನಾಡಿಗೆ ಮರಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲವಾದ್ದರಿಂದ ತಪ್ಪು ಹೆಚ್ಚಾಗಿ ನುಸುಳುವುದು ಅಲ್ಲಿಂದ.

ಸಮೀಕ್ಷೆಯ ಕೈಗೇ ಸಿಗದವರ ಪ್ರಮಾಣವನ್ನೂ ಊಹಿಸಲೇಬೇಕು. ಗೃಹಭದ್ರತಾ ಇಲಾಖೆಯ ಹಿಂದಿನ ವರದಿಗಳು ದಾಖಲೆರಹಿತರಲ್ಲಿ ಶೇ. 10 ಮಂದಿ ಎಣಿಕೆ ತಪ್ಪಿಸಿಕೊಳ್ಳುತ್ತಾರೆಂದು ಹಿಡಿದಿದ್ದವು. ಎಣಿಕೆಗೆ ಸಿಕ್ಕವರು 9 ಲಕ್ಷವಿದ್ದರೆ ಅದನ್ನು 0.90ರಿಂದ ಭಾಗಿಸಿ 10 ಲಕ್ಷ. ಅದೇ ಶೇ. 15 ಎಂದು ಹಿಡಿದರೆ 10.59 ಲಕ್ಷ. ಒಂದು ಊಹೆ ಬದಲಾದುದಕ್ಕೇ 59 ಸಾವಿರ ಜನ ಸೇರಿದರು. ಹಾಗಾಗಿ ಈ ಪ್ರಮಾಣವನ್ನು ಒಂದೇ ಅಂಕಿಯಾಗಿ ಕೊಡದೆ ಶೇ. 5, 10, 15 ಎಂದು ಮೂರು ಸಾಲಿನಲ್ಲಿ ಕೊಡುವುದೇ ಪ್ರಾಮಾಣಿಕ ಕ್ರಮ.

ಪೌರತ್ವದ ಉತ್ತರವನ್ನು ಹಾಗೇ ನಂಬುವಂತಿಲ್ಲ. ಬಂದು ಮೂರೇ ವರ್ಷವಾಗಿದೆ, ಆದರೂ ಪೌರತ್ವ ಪಡೆದಿದ್ದೇನೆ ಎನ್ನುವವರು ಸಮೀಕ್ಷೆಗಳಲ್ಲಿ ಸಿಗುತ್ತಾರೆ. ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಸಾಮಾನ್ಯವಾಗಿ 5 ವರ್ಷ, ಅಮೆರಿಕನ್ ಪೌರರನ್ನು ಮದುವೆಯಾಗಿದ್ದರೆ 3 ವರ್ಷ ಕಾಯಬೇಕು. ಈ ಅವಧಿಗೆ ಹೊಂದದ ಉತ್ತರಗಳನ್ನು ‘ಪೌರರಲ್ಲ’ ಎಂದು ತಿದ್ದುವುದು ರೂಢಿ. ತಿದ್ದುವಾಗ ಪೌರ ತಂದೆತಾಯಿಯ ಮೂಲಕ ಚಿಕ್ಕಂದಿನಲ್ಲೇ ಪೌರತ್ವ ಪಡೆದವರನ್ನು ಬಿಡಬೇಕು. ಬಂದ ವರ್ಷವನ್ನು ಜನ 2000, 2005 ಎಂದು ದುಂಡಾಗಿಸಿ ಹೇಳುವುದರಿಂದ ಗಡಿಯಂಚಿನಲ್ಲಿ ಒಂದೆರಡು ವರ್ಷದ ಸಡಿಲವೂ ಬೇಕು.

ದಾನಿ ಸಮೀಕ್ಷೆ

ಉಳಿಕೆ ವಿಧಾನ ಮೊತ್ತವನ್ನು ಕೊಡುತ್ತದೆ. ಆ ಜನ ಯಾರು, ಅವರ ಆರೋಗ್ಯ ಹೇಗಿದೆ ಎಂದು ಹೇಳಲಾರದು. ಅದಕ್ಕೆ ಕಾಗದದ ಸ್ಥಿತಿಯನ್ನು ನಿಜವಾಗಿ ಕೇಳಿದ ಸಮೀಕ್ಷೆ ಬೇಕು. ಅದರಿಂದ ಕಲಿತದ್ದನ್ನು ಚಿಸ್‌ಗೆ ಎರವಲು ಕೊಡುವುದರಿಂದ ಅದನ್ನು ದಾನಿ ಸಮೀಕ್ಷೆ ಎನ್ನುತ್ತೇವೆ. ಲಾಸ್ ಏಂಜಲೀಸ್ ಈ ವಿಷಯದಲ್ಲಿ ಅದೃಷ್ಟದ ಕೌಂಟಿ. 2000–01ರಲ್ಲಿ ಅಲ್ಲಿ ಕುಟುಂಬ ಮತ್ತು ನೆರೆಹೊರೆ ಸಮೀಕ್ಷೆ ನಡೆಯಿತು. 2001ರಲ್ಲಿ ಮೆಕ್ಸಿಕನ್ ವಲಸಿಗರ ಕಾನೂನು ಸ್ಥಿತಿಯದ್ದೇ ಪ್ರತ್ಯೇಕ ಸಮೀಕ್ಷೆ ಆಯಿತು. ಎರಡನೆಯದರ ಆಧಾರದ ಮೇಲೆ ಎನ್ರಿಕೊ ಮಾರ್ಸೆಲ್ಲಿ, ಮ್ಯಾನುಯೆಲ್ ಪಾಸ್ಟರ್ ಮುಂತಾದವರು ಕ್ಯಾಲಿಫೋರ್ನಿಯಾದ ಸಣ್ಣ ಪ್ರದೇಶಗಳ ದಾಖಲೆರಹಿತರನ್ನೂ ಅವರಲ್ಲಿ ವಿಮೆಯಿಲ್ಲದವರನ್ನೂ ಅಂದಾಜು ಮಾಡಿದ್ದಾರೆ.

ಕೇಳುವ ಕ್ರಮದಲ್ಲೇ ಜಾಣತನವಿದೆ. ಪೌರರೇ? ಗ್ರೀನ್ ಕಾರ್ಡ್ ಇದೆಯೇ? ನಿರಾಶ್ರಿತರೇ, ಆಶ್ರಯ ಸಿಕ್ಕಿದೆಯೇ? ತಾತ್ಕಾಲಿಕ ವೀಸಾ ಇದೆಯೇ, ಅದರ ಅವಧಿ ಮುಗಿದಿಲ್ಲವೇ? ಎಲ್ಲಕ್ಕೂ ಇಲ್ಲ ಎಂದವರು ದಾಖಲೆರಹಿತರೆಂದು ತೀರ್ಮಾನ. ಆ ಪದವನ್ನು ಯಾರ ಬಾಯಿಂದಲೂ ಹೊರಡಿಸಬೇಕಿಲ್ಲ. ಜನ ಹೆದರಿ ಉತ್ತರವನ್ನೇ ಕೊಡಲಾರರು ಎಂಬ ಶಂಕೆ ಸಹಜ. ಆದರೆ ಈ ಕುಟುಂಬ ಸಮೀಕ್ಷೆಯನ್ನೂ ಕೇಂದ್ರದ ಆದಾಯ ಸಮೀಕ್ಷೆಯಾದ ಸಿಪ್ ಅನ್ನೂ ಪರೀಕ್ಷಿಸಿದ ಸಂಶೋಧಕರಿಗೆ ಕಂಡದ್ದು ಬೇರೆ: ಸಂಬಳದಂಥ ಸೂಕ್ಷ್ಮ ಪ್ರಶ್ನೆಗಳಿಗೆ ಬಾರದ ಉತ್ತರಗಳಿಗಿಂತ ಈ ಪ್ರಶ್ನೆಗೆ ಬಾರದ ಉತ್ತರಗಳು ಹೆಚ್ಚೇನಿರಲಿಲ್ಲ.

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಇನ್ನೊಂದು ದಾರಿ ಸೂಚಿಸಿತ್ತು. ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ, ಬೇರೆ ಬೇರೆ ಕಾರ್ಡ್ ತೋರಿಸಿ, ದಾಖಲೆರಹಿತರನ್ನು ಇತರರೊಂದಿಗೆ ಒಂದೇ ಚೌಕದಲ್ಲಿ ಬೆರೆಸಿ ಕೇಳುವುದು. ಎರಡು ಪಾಲಿನ ಉತ್ತರಗಳಿಂದ ಕಳೆದು ಪ್ರಮಾಣ ಪಡೆಯುವುದು. ಇದರಲ್ಲಿ ಯಾವ ಒಬ್ಬ ವ್ಯಕ್ತಿಯ ಸ್ಥಿತಿಯೂ ಕೇಳುವವರಿಗೆ ಗೊತ್ತಾಗದು, ಅದು ದೊಡ್ಡ ಗುಣ. ಬೆಲೆಯೂ ದೊಡ್ಡದೇ. ತಲಾ 1,000 ಜನರ ಎರಡು ಪಾಲು, ಪ್ರತಿಯೊಂದರಲ್ಲೂ ಶೇ. 30ರ ಆಸುಪಾಸಿನ ಉತ್ತರ ಎಂದರೆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್, ಅಂದರೆ ಸ್ಯಾಂಪಲ್‌ನಿಂದಾಗುವ ಏರುಪೇರಿನ ಅಳತೆ, ಸುಮಾರು 2.05 ಶೇಕಡಾ ಅಂಶ. ಅದೇ 2,000 ಜನರನ್ನು ನೇರವಾಗಿ ಕೇಳಿದ್ದರೆ 1.02. ಅಂದರೆ ಸ್ಯಾಂಪಲ್ ಕಾಲುಭಾಗಕ್ಕೆ ಇಳಿದಂತೆ. ಜತೆಗೆ ಯಾವ ವ್ಯಕ್ತಿ ಯಾವ ಗುಂಪಿನವರೆಂದು ತಿಳಿಯದ ಕಾರಣ ಈ ದತ್ತಾಂಶ ಮುಂದಿನ ಹೆಜ್ಜೆಯ ದಾನಿಯಾಗಲಾರದು.

ಸಂಭವನೀಯತೆಯಿಂದ ಎಣಿಕೆಗೆ

ದಾನಿ ಸಮೀಕ್ಷೆಯಲ್ಲಿ ವಯಸ್ಸು, ಲಿಂಗ, ಓದು, ಅಮೆರಿಕದಲ್ಲಿ ಕಳೆದ ವರ್ಷ, ಮದುವೆ, ಕೆಲಸ ಇವುಗಳಿಂದ ಕಾನೂನು ಸ್ಥಿತಿಯನ್ನು ಊಹಿಸುವ ಲಾಜಿಸ್ಟಿಕ್ ರಿಗ್ರೆಶನ್ (ಹೌದು-ಇಲ್ಲ ಉತ್ತರದ ಸಂಭವನೀಯತೆ ಲೆಕ್ಕಹಾಕುವ ಮಾಡೆಲ್) ಕಟ್ಟುತ್ತೇವೆ. ಅದರ ಗುಣಾಂಕಗಳನ್ನು, ಅಂದರೆ ಪ್ರತಿ ಲಕ್ಷಣಕ್ಕೆ ಸಿಕ್ಕ ಅಂಕಿಗಳನ್ನು, ಚಿಸ್‌ನ ಗ್ರೀನ್ ಕಾರ್ಡ್ ಇಲ್ಲದವರ ಮೇಲೆ ಇಟ್ಟರೆ ಪ್ರತಿಯೊಬ್ಬರಿಗೂ ಒಂದು ಸಂಭವನೀಯತೆ ಸಿಗುತ್ತದೆ.

ಇಲ್ಲಿ 0.5 ದಾಟಿದವರನ್ನು ಮಾತ್ರ ಎಣಿಸುವ ಚಾಳಿ ಬಹಳ ಕಡೆ ಇದೆ. ತಲಾ 0.3 ಸಂಭವನೀಯತೆಯ 1,000 ಜನರಿದ್ದರೆ ಅವರಲ್ಲಿ 300 ದಾಖಲೆರಹಿತರಿರುವ ನಿರೀಕ್ಷೆ, 0.5ರ ಗೆರೆ ಹಾಕಿದರೆ ಎಣಿಕೆ ಸೊನ್ನೆ. ಅದೇ ತಲಾ 0.7 ಇದ್ದರೆ 1,000 ಮಂದಿಯೂ ಒಳಗೆ. ಗೆರೆ ಹಾಕಬಾರದು, ಸಂಭವನೀಯತೆಯ ಪ್ರಕಾರ ಪ್ರತಿಯೊಬ್ಬರಿಗೂ ಯಾದೃಚ್ಛಿಕವಾಗಿ ಸ್ಥಿತಿ ಹಂಚಬೇಕು, ಅದನ್ನು ಹಲವು ಸಲ ಮಾಡಬೇಕು. ಪ್ರತಿ ಸಲವೂ ಗುಣಾಂಕಗಳನ್ನೂ ಅವುಗಳ ಅನಿಶ್ಚಿತತೆಯೊಳಗಿಂದ ಹೊಸದಾಗಿ ಎತ್ತಿಕೊಳ್ಳಬೇಕು. ದಾನಿ ಸಮೀಕ್ಷೆ ಚಿಕ್ಕದಾದ್ದರಿಂದ ಇದನ್ನು ಮರೆತರೆ ದೋಷಮಿತಿ ಸುಳ್ಳೇ ಕಿರಿದಾಗಿ ಕಾಣುತ್ತದೆ.

ಐದು ಸಲ ಹಂಚಿದಾಗ 5.92, 6.10, 6.03, 5.88, 6.07 ಲಕ್ಷ ಬಂತೆನ್ನಿ. ಸರಾಸರಿ 6.00. ಇವುಗಳ ನಡುವಿನ ವೇರಿಯನ್ಸ್, ಅಂದರೆ ಚದುರುವಿಕೆಯ ಅಳತೆ, 0.00915. ಪ್ರತಿ ಅಂದಾಜಿನ ಸ್ಯಾಂಪ್ಲಿಂಗ್ ಎರರ್ 0.20 ಆದರೆ ಅದರ ವರ್ಗ 0.04. ಒಟ್ಟು ವೇರಿಯನ್ಸ್ = 0.04 + 1.2 × 0.00915 = 0.051 (ಐದು ಸಲ ಹಂಚಿದ್ದರಿಂದ 1.2, ಅಂದರೆ 1 + 1/5), ಸ್ಟ್ಯಾಂಡರ್ಡ್ ಎರರ್ 0.226. ಹಾಗಾಗಿ ಎರಡೂ ಬದಿಗೆ ಅದರ 1.96 ಪಟ್ಟು ಹಿಡಿದರೆ 5.56ರಿಂದ 6.44 ಲಕ್ಷ ಎಂಬ ವ್ಯಾಪ್ತಿ. ಐದು ಸಲ ಎಂಬುದು ಉದಾಹರಣೆಗಷ್ಟೇ. ಯೋಜನಾ ಪ್ರದೇಶದ ಮಟ್ಟಕ್ಕೆ ಇಳಿಯುವಾಗ 50ಕ್ಕಿಂತ ಕಡಿಮೆ ಮಾಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಆ 0.20 ಎಲ್ಲಿಂದ ಬರುತ್ತದೆ ಎಂಬಲ್ಲೂ ಒಂದು ಗುಂಡಿಯಿದೆ. ಚಿಸ್‌ಗೂ ಕಮ್ಯುನಿಟಿ ಸರ್ವೆಗೂ ತಲಾ 80 ಪ್ರತಿಕೃತಿ ತೂಕಗಳಿವೆ (ಒಬ್ಬ ಉತ್ತರದಾತ ಎಷ್ಟು ಜನರ ಪ್ರತಿನಿಧಿ ಎಂಬ ತೂಕವನ್ನು ಸ್ವಲ್ಪ ಬದಲಿಸಿ ಅಂದಾಜನ್ನು ಮತ್ತೆ ಮತ್ತೆ ಲೆಕ್ಕಹಾಕಲು), ಆದರೆ ಸೂತ್ರ ಬೇರೆ. ಚಿಸ್‌ನಲ್ಲಿ ಮೂಲ ಅಂದಾಜಿನಿಂದ ಸಿಗುವ 80 ವ್ಯತ್ಯಾಸಗಳ ವರ್ಗಗಳನ್ನು ಹಾಗೇ ಕೂಡಿಸುತ್ತೇವೆ. ಕಮ್ಯುನಿಟಿ ಸರ್ವೆಯಲ್ಲಿ ಆ ಮೊತ್ತವನ್ನು 4/80ರಿಂದ ಗುಣಿಸುತ್ತೇವೆ. ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಿದರೆ ವೇರಿಯನ್ಸ್ 20 ಪಟ್ಟು, ಸ್ಟ್ಯಾಂಡರ್ಡ್ ಎರರ್ ಸುಮಾರು 4.5 ಪಟ್ಟು ತಪ್ಪುತ್ತದೆ. ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎರಡು ವರ್ಷದ ಚಿಸ್ ಒಟ್ಟುಗೂಡಿಸುವಾಗ ತೂಕಗಳನ್ನು 2ರಿಂದ ಭಾಗಿಸುವುದನ್ನು ಮರೆತರೆ ಕೌಂಟಿಯ ಜನಸಂಖ್ಯೆಯೇ ಇಮ್ಮಡಿಯಾಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಪುಣ್ಯ.

ಮೆಕ್ಸಿಕೊದವರಿಂದ ಕಲಿತ ಗುಣಾಂಕಗಳನ್ನು ಫಿಲಿಪ್ಪೀನ್ಸ್, ಕೊರಿಯಾ, ಚೀನಾದವರ ಮೇಲೆ ಹಾಕುವುದು ಇನ್ನೊಂದು ದೊಡ್ಡ ಅಪಾಯ. ಗಡಿ ದಾಟಿ ಬಂದವರಿಗೂ ವೀಸಾ ಮುಗಿದ ಮೇಲೆ ಉಳಿದುಕೊಂಡವರಿಗೂ ಓದು, ವಯಸ್ಸು, ಕಳೆದ ವರ್ಷಗಳ ಸಂಬಂಧ ಒಂದೇ ಆಗಿರುವುದಿಲ್ಲ. ಮೆಕ್ಸಿಕೊದವರಿಗೆ ಸ್ಥಳೀಯ ದಾನಿ, ಉಳಿದವರಿಗೆ ಸಿಪ್, ಕೊನೆಗೆ ದೇಶವಾರು ಉಳಿಕೆ ಮೊತ್ತಕ್ಕೆ ಹೊಂದಿಸುವುದು ಎಂಬ ಮಿಶ್ರ ದಾರಿಯೇ ಇಲ್ಲಿ ಸಾಧ್ಯವಿರುವ ಉತ್ತಮ ದಾರಿ. 2001ರ ದಾನಿಯಲ್ಲಿ ‘ಅಮೆರಿಕದಲ್ಲಿ ಕಳೆದ ವರ್ಷ’ಗಳ ಗುಣಾಂಕ 2023ಕ್ಕೆ ಹಳತಾಗಿದೆ ಎಂಬುದನ್ನೂ ವರದಿಯಲ್ಲಿ ಬಿಡಿಸಿ ಬರೆಯಬೇಕು. ಗಡಿಯ ಸ್ಥಿತಿ ಬದಲಾಗಿ, 20 ವರ್ಷ ಕಳೆದ ಮೇಲೂ ಕಾಗದವಿಲ್ಲದೆ ಉಳಿದವರು ಈಗ ಬಹಳ.

ವಿಮೆಯ ಕಾಲಂ ಎರಡು ಕೆಲಸ ಮಾಡಲಾರದು

ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು ಇದು. ಎರಡು ರೂಪದಲ್ಲಿ ಬರುತ್ತದೆ.

ಮೊದಲನೆಯದು ತರ್ಕದ ನಿಯಮ. ಸೇನೆಯಲ್ಲಿದ್ದವರು, ಸರ್ಕಾರಿ ನೌಕರರು, ಸಾಮಾಜಿಕ ಭದ್ರತೆಯ ಪಿಂಚಣಿ ಪಡೆಯುವವರು, 1986ರ ಕಾನೂನು ಸಕ್ರಮಗೊಳಿಸಿದಂತೆ 1982ರ ಜನವರಿಗೆ ಮೊದಲೇ ಬಂದವರು, ಮೆಡಿಕೇಯ್ಡ್ (ಮೆಡಿ-ಕ್ಯಾಲ್ ಇದರ ಕ್ಯಾಲಿಫೋರ್ನಿಯಾ ರೂಪ) ಇರುವವರು ಇವರನ್ನೆಲ್ಲ ‘ಕಾನೂನುಬದ್ಧ’ ಎಂದು ಗುರುತಿಸಿ ಬದಿಗಿಡುವ ವಿಧಾನ ಸಂಶೋಧನೆಯಲ್ಲಿ ಜನಪ್ರಿಯ. ಇದನ್ನು ಬಳಸಿ ದಾಖಲೆರಹಿತರಲ್ಲಿ ಮೆಡಿಕೇಯ್ಡ್ ಎಷ್ಟು ಮಂದಿಗಿದೆ ಎಂದು ಕೇಳಿದರೆ ಉತ್ತರ ಸೊನ್ನೆ, ಏಕೆಂದರೆ ಇದ್ದವರನ್ನೆಲ್ಲ ನಾವೇ ಹೊರಗಿಟ್ಟಿದ್ದೇವೆ. ಕ್ಯಾಲಿಫೋರ್ನಿಯಾದಲ್ಲಿ ಈ ನಿಯಮ ಇನ್ನೂ ಅಸಂಗತ. ತುರ್ತು ಚಿಕಿತ್ಸೆ, ಹೆರಿಗೆಗಾಗಿ ಕೊಡುವ ಸೀಮಿತ ಮೆಡಿ-ಕ್ಯಾಲ್ ಕಾರ್ಡ್ ದಾಖಲೆರಹಿತರ ಬಳಿ ಮೊದಲಿನಿಂದಲೂ ಇತ್ತು. ಸಮೀಕ್ಷೆಯವರು ‘ಮೆಡಿ-ಕ್ಯಾಲ್ ಇದೆಯೇ’ ಎಂದರೆ ಅವರು ಹೌದೆನ್ನುತ್ತಾರೆ, ಅದು ಸುಳ್ಳೂ ಅಲ್ಲ. ಕೌಂಟಿಯ ಮೈ ಹೆಲ್ತ್ ಎಲ್‌ಎ ಯೋಜನೆಯ ಸದಸ್ಯರ ವಿಷಯವೂ ಹಾಗೇ. 2014ರ ಅಕ್ಟೋಬರ್‌ನಿಂದ 2024ರ ಜನವರಿವರೆಗೆ ನಡೆದ ಅದು ವಿಮೆಯಲ್ಲ, ಕ್ಲಿನಿಕ್ ಸೇವೆ. ಕಾರ್ಡ್ ಕೈಯಲ್ಲಿದ್ದವರು ವಿಮೆ ಇದೆ ಎಂದೇ ಹೇಳುವ ಸಾಧ್ಯತೆ ಹೆಚ್ಚು.

ಎರಡನೆಯದು ಹೊರಗೆ ಕಾಣದ ತಪ್ಪು. ದಾನಿ ಮಾಡೆಲ್‌ನಲ್ಲಿ ವಿಮೆ ಇಲ್ಲ. ಆದರೆ ಹಂಚಿದ ಸ್ಥಿತಿಯನ್ನು ಇಟ್ಟುಕೊಂಡು ವಿಮೆಯ ಪ್ರಮಾಣ ಲೆಕ್ಕ ಹಾಕುತ್ತೇವೆ. 1,000 ಜನರನ್ನು ತೆಗೆದುಕೊಳ್ಳಿ: 600 ದಾಖಲೆರಹಿತರು, ಅವರಲ್ಲಿ ಶೇ. 50 ವಿಮೆ ಇಲ್ಲದವರು. 400 ಕಾನೂನುಬದ್ಧರು, ಅವರಲ್ಲಿ ಶೇ. 20. ವಯಸ್ಸು, ಓದು ಮುಂತಾದವುಗಳಿಂದ ಮಾಡೆಲ್ ಇವರನ್ನು 500ರ ಎರಡು ಗುಂಪು ಮಾಡುತ್ತದೆ: ಒಂದರಲ್ಲಿ ಸಂಭವನೀಯತೆ 0.8, ಇನ್ನೊಂದರಲ್ಲಿ 0.4. ಮೊತ್ತ 400 + 200 = 600, ಸರಿಯಾಗಿದೆ. ಮೊದಲ ಗುಂಪಿನಲ್ಲಿ ವಿಮೆ ಇಲ್ಲದವರು ಒಟ್ಟಾರೆ ಶೇ. 44, ಎರಡನೆಯದರಲ್ಲಿ ಶೇ. 32. ಗುಂಪಿನೊಳಗೆ ಹಂಚಿಕೆ ಯಾದೃಚ್ಛಿಕವಾದ್ದರಿಂದ ‘ದಾಖಲೆರಹಿತ’ರೆಂದು ಗುರುತಾದವರಲ್ಲಿ ವಿಮೆ ಇಲ್ಲದವರು 176 + 64 = 240, ಅಂದರೆ ಶೇ. 40. ‘ಕಾನೂನುಬದ್ಧ’ರಲ್ಲಿ 44 + 96 = 140, ಶೇ. 35. ನಿಜವಾದ 30 ಅಂಶಗಳ ಅಂತರ 5ಕ್ಕೆ ಕುಸಿಯಿತು. ಜನಸಂಖ್ಯೆಯ ಮೊತ್ತ ಎಳ್ಳಷ್ಟೂ ತಪ್ಪದಿದ್ದರೂ ವಿಮೆ ಇಲ್ಲದ ದಾಖಲೆರಹಿತರು 300ರ ಬದಲು 240 ಆದರು. ಕ್ಲಿನಿಕ್‌ಗೆ ಬರುವ ಐವರಲ್ಲಿ ಒಬ್ಬರು ಲೆಕ್ಕದಿಂದಲೇ ಕಣ್ಮರೆ.

2015ರಲ್ಲಿ ಜನಸಂಖ್ಯಾ ಶಾಸ್ತ್ರಜ್ಞೆ ಜೆನಿಫರ್ ವ್ಯಾನ್ ಹುಕ್ ಮತ್ತು ಸಹೋದ್ಯೋಗಿಗಳು ಸ್ಥಿತಿ ಹಂಚುವ ವಿಧಾನಗಳನ್ನು ಪರೀಕ್ಷೆಗೆ ಒಡ್ಡಿದಾಗ ಕಂಡದ್ದೂ ಇದನ್ನೇ. ಅಳೆಯಬೇಕಾದ ಫಲಿತಾಂಶವೂ ಕಾನೂನು ಸ್ಥಿತಿಯೂ ಒಂದೇ ದಾನಿ ಸಮೀಕ್ಷೆಯಲ್ಲಿ ಒಟ್ಟಿಗೆ ದಾಖಲಾಗಿ, ಮಾಡೆಲ್‌ನೊಳಗೆ ಇದ್ದಾಗ ಮಾತ್ರ ಅವೆರಡರ ಸಂಬಂಧದ ಅಂದಾಜು ನಂಬಬಹುದು. ಆದ್ದರಿಂದ ದಾನಿಯನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಗಾತ್ರವನ್ನಲ್ಲ, ಅದರಲ್ಲಿ ವಿಮೆಯ ಪ್ರಶ್ನೆ ಇದೆಯೇ, ಚಿಸ್‌ನ ಪ್ರಶ್ನೆಗೆ ಹೊಂದುತ್ತದೆಯೇ ಎಂಬುದನ್ನು. ಲಾಸ್ ಏಂಜಲೀಸ್‌ನ ಎರಡೂ ದಾನಿಗಳಲ್ಲಿ ವಿಮೆ ಇದೆ. ರಕ್ತದೊತ್ತಡ, ಮಾನಸಿಕ ಯಾತನೆಯಂಥ ವಿಷಯಗಳಿಗೆ ಹೋದಾಗ ದಾನಿಯಲ್ಲಿ ಅದೇ ಮಾಪನ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಭಯವೂ ಸ್ಯಾಂಪಲ್ಲೂ ಒಟ್ಟಿಗೆ ಬದಲಾದ ವರ್ಷ

ಚಿಸ್ 2019ರಲ್ಲಿ ದೂರವಾಣಿ ಸಂಖ್ಯೆಗಳ ಸ್ಯಾಂಪಲ್ ಬಿಟ್ಟು ವಿಳಾಸಗಳ ಸ್ಯಾಂಪಲ್‌ಗೆ ಹೋಯಿತು: ಮನೆಗೆ ಕಾಗದ, ಮೊದಲು ಅಂತರ್ಜಾಲದಲ್ಲಿ ಉತ್ತರಿಸಲು ಕೋರಿಕೆ, ನಂತರ ದೂರವಾಣಿ. ಗ್ಯಾರೇಜನ್ನೇ ಕೋಣೆ ಮಾಡಿಕೊಂಡವರಿಗೆ, ಒಂದೇ ವಿಳಾಸದಲ್ಲಿರುವ ಎರಡು ಮೂರು ಕುಟುಂಬಗಳಿಗೆ ಆ ಕಾಗದ ತಲುಪುವುದು ಕಷ್ಟ. ಅದೇ ಹೊತ್ತಿನಲ್ಲಿ, 2018ರ ಅಕ್ಟೋಬರ್‌ನಲ್ಲಿ ಪ್ರಸ್ತಾಪವಾದ ‘ಪಬ್ಲಿಕ್ ಚಾರ್ಜ್’ ನಿಯಮ 2020ರ ಫೆಬ್ರುವರಿಯಲ್ಲಿ ಜಾರಿಯಾಗಿ 2021ರ ಮಾರ್ಚ್‌ವರೆಗೆ ಇತ್ತು. ಸರ್ಕಾರಿ ನೆರವು ಪಡೆದರೆ ಗ್ರೀನ್ ಕಾರ್ಡ್ ತಪ್ಪುತ್ತದೆಂಬ ಹೆದರಿಕೆ ಆ ನಿಯಮ ಅನ್ವಯಿಸದವರಿಗೂ ಹರಡಿತ್ತು. ಚಿಸ್‌ನ ತೂಕಗಳು ವಯಸ್ಸು, ಲಿಂಗ, ಜನಾಂಗ, ಪ್ರದೇಶಕ್ಕೆ ಹೊಂದುತ್ತವೆ. ಕಾನೂನು ಸ್ಥಿತಿಗೆ ಹೊಂದುವುದಿಲ್ಲ. ಹಾಗಾಗಿ ದಾಖಲೆರಹಿತರು ಹೆಚ್ಚಾಗಿ ಉತ್ತರಿಸದೆ ಉಳಿದರೆ ಆ ಕೊರತೆ ನೇರವಾಗಿ ಅಂದಾಜಿಗೆ ಇಳಿಯುತ್ತದೆ. 2018 ಮತ್ತು 2019ರ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ‘ಸಂಖ್ಯೆ ಇಳಿಯಿತು’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಸರಿನೋಡಲು ಒಂದು ಒಳ್ಳೆಯ ಆಧಾರ ಸೀಮಿತ ಮೆಡಿ-ಕ್ಯಾಲ್‌ನ ನೋಂದಣಿ. ಅದರಲ್ಲಿದ್ದ 26–49ರವರನ್ನು 2024ರ ಜನವರಿಯಲ್ಲಿ ತಾನಾಗಿ ಪೂರ್ಣ ಸೌಲಭ್ಯಕ್ಕೆ ವರ್ಗಾಯಿಸಲಾಯಿತು. ಸಮೀಕ್ಷೆಯ ಪ್ರಕಾರ ಆದಾಯ ಬಡತನ ಮಟ್ಟದ ಶೇ. 138ರೊಳಗಿರುವ ದಾಖಲೆರಹಿತರು ಈ ನೋಂದಣಿಗಿಂತ ಕಡಿಮೆ ಬಂದರೆ ಸಮೀಕ್ಷೆಯ ಅಂದಾಜು ತಗ್ಗಿದೆ ಎಂದೇ ಮೊದಲ ಅನುಮಾನ. ಊರು ಬಿಟ್ಟು ಹೋದವರ ಹೆಸರೂ ಪುಸ್ತಕದಲ್ಲಿ ಕೆಲಕಾಲ ಉಳಿಯುವುದರಿಂದ ನೋಂದಣಿ ಸ್ವಲ್ಪ ಉಬ್ಬಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಷ್ಟು ಸಣ್ಣ ಪ್ರದೇಶದವರೆಗೆ

ಅಂದಾಜನ್ನು ಯೋಜನಾ ಪ್ರದೇಶದವರೆಗೆ ಇಳಿಸಬಹುದು. ಜನಗಣತಿಯ ಸಣ್ಣ ಬ್ಲಾಕ್‌ಗೆ, ಬೀದಿಗೆ ಇಳಿಸಬಾರದು. ಅಲ್ಲಿ ಸ್ಯಾಂಪಲ್ ಇಲ್ಲ, ಮಾಡೆಲ್‌ನ ಊಹೆಯಷ್ಟೇ ಇದೆ ಎಂಬುದು ಒಂದು ಕಾರಣ. ನಕ್ಷೆಯ ಮೇಲೆ ಬಣ್ಣ ಬಳಿದ ಆ ಊಹೆ ಯಾರದೋ ಮನೆಬಾಗಿಲಿಗೆ ದಾರಿ ತೋರಿಸಬಹುದು ಎಂಬುದು ಅದಕ್ಕಿಂತ ದೊಡ್ಡ ಕಾರಣ. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾವೂ ಸೇರಿದಂತೆ ಕೆಲವು ರಾಜ್ಯಗಳ ಮೆಡಿಕೇಯ್ಡ್ ಸದಸ್ಯರ ಮಾಹಿತಿ ಗೃಹಭದ್ರತಾ ಇಲಾಖೆಯ ಕೈಸೇರಿದ ಮೇಲೆ ಇದನ್ನು ಊಹಾಪೋಹ ಎನ್ನಲಾಗದು. ವ್ಯಕ್ತಿವಾರು ಸಂಭವನೀಯತೆ ಇರುವ ಕಡತವನ್ನು ನಿರ್ಬಂಧಿತ ಕೊಠಡಿಯಿಂದ ಹೊರಗೆ ತರಬಾರದು. ಮೊತ್ತಗಳು ಸಿದ್ಧವಾದ ಮೇಲೆ ಆ ಕಾಲಂ ಅಳಿಸಿ, ಮರುಲೆಕ್ಕಕ್ಕೆ ಬೇಕಾದ ಪ್ರೋಗ್ರಾಮ್ ಮಾತ್ರ ಇಟ್ಟುಕೊಳ್ಳಬೇಕು. ಹೊಸದಾಗಿ ದಾನಿ ಸಮೀಕ್ಷೆ ನಡೆಸುವವರಿಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಗೋಪ್ಯತಾ ಪ್ರಮಾಣಪತ್ರದ ರಕ್ಷಣೆ ಇದೆ. ಆ ಸಂಸ್ಥೆಗಳ ಹಣದಿಂದ ನಡೆಯುವ ಇಂಥ ಸಂಶೋಧನೆಗೆ 2017ರ ಅಕ್ಟೋಬರ್‌ನಿಂದ ಅದು ತಾನಾಗಿ ಅನ್ವಯಿಸುತ್ತದೆ. ಹಾಗಿದ್ದೂ ಹೆಸರು ಮತ್ತು ವಿಳಾಸವನ್ನು ಉತ್ತರಗಳ ಕಡತದಿಂದ ಮೊದಲ ದಿನವೇ ಬೇರ್ಪಡಿಸಬೇಕು.

2026ರ ಜನವರಿಯಿಂದ ದಾಖಲೆರಹಿತ ವಯಸ್ಕರ ಹೊಸ ನೋಂದಣಿಯನ್ನು ಕ್ಯಾಲಿಫೋರ್ನಿಯಾ ನಿಲ್ಲಿಸಿದೆ. ಇನ್ನು ಮುಂದೆ ಮೆಡಿ-ಕ್ಯಾಲ್ ಪುಸ್ತಕದಲ್ಲಿ ಈ ವಯಸ್ಸಿನವರ ಸಂಖ್ಯೆ ಇಳಿದರೆ ಅದು ಜನ ಕಡಿಮೆಯಾದುದರ ಲಕ್ಷಣವಾಗಿರಬೇಕಿಲ್ಲ. ಆದ್ದರಿಂದ ಸಮೀಕ್ಷೆಯ ಅಂದಾಜನ್ನು ಸರಿನೋಡಲು 2024 ಮತ್ತು 2025ರ ನೋಂದಣಿಯನ್ನೇ ತಿಂಗಳವಾರು, ಪ್ರದೇಶವಾರು ಮೊತ್ತಗಳಾಗಿ, ಹೆಸರುಗಳಿಲ್ಲದೆ, ಈಗಲೇ ತೆಗೆದಿಡಬೇಕು.